ಕೌಂಟರ್ 45 ತೋರಿಸುತ್ತೆ, ಆದ್ರೂ ರನ್‌ವೇ ಕುಲುಕುತ್ತೆ: ಫ್ರೇಮ್ ಲಾಕ್ ಎಷ್ಟಕ್ಕೆ ಇಡಬೇಕು?

ಬಾಲರೆಕ್ಕೆ

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರ್ತೀನಿ. ಎಂಎಸ್‌ಎಫ್‌ಎಸ್ 2020 (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ವಿಮಾನ ಹಾರಿಸೋ ಸಿಮ್). ಮಾನಿಟರ್ 2560×1440, 60 ಹರ್ಟ್ಸ್, ವಿಆರ್‌ಆರ್ (ಫ್ರೇಮ್ ಬಂದ ಹಾಗೆ ರಿಫ್ರೆಶ್ ಬದಲಿಸೋ ಸೌಲಭ್ಯ) ಇಲ್ಲ. ಗ್ರಾಫಿಕ್ಸ್ ಕಾರ್ಡಲ್ಲಿ 8 ಜಿಬಿ ವಿ-ರ್ಯಾಮ್ (ಕಾರ್ಡಿನದೇ ಮೆಮೊರಿ), ಆರು ಕೋರಿನ ಪ್ರೊಸೆಸರ್, 32 ಜಿಬಿ ರ್ಯಾಮ್. ಟೆರೇನ್ ಎಲ್‌ಒಡಿ (ನೆಲದ ವಿವರ ಎಷ್ಟು ದೂರದ ತನಕ ಅನ್ನೋದು) 200, ಆಬ್ಜೆಕ್ಟ್ ಎಲ್‌ಒಡಿ 200, ಟೆಕ್ಸ್ಚರ್ ಅಲ್ಟ್ರಾ, ಮೋಡ ಅಲ್ಟ್ರಾ, ಡಿಎಲ್‌ಎಸ್‌ಎಸ್ (ಕಮ್ಮಿ ಪಿಕ್ಸೆಲಲ್ಲಿ ಬರೆದು ದೊಡ್ಡದು ಮಾಡೋದು) ಕ್ವಾಲಿಟಿ, ವಿ-ಸಿಂಕ್ (ಫ್ರೇಮನ್ನ ಮಾನಿಟರ್ ರಿಫ್ರೆಶ್‌ಗೆ ಹೊಂದಿಸೋದು) ಆಫ್.

ದೊಡ್ಡ ಏರ್‌ಪೋರ್ಟಲ್ಲಿ ಜೆಟ್ ಕಾಕ್‌ಪಿಟ್ ಒಳಗಿದ್ದಾಗ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಕೌಂಟರ್ 41ರಿಂದ 48ರ ಮಧ್ಯೆ ಓಡಾಡುತ್ತೆ. ಮೇಲೆ ಹೋದ್ರೆ 60 ದಾಟುತ್ತೆ. ನಂಬರ್ ಪರವಾಗಿಲ್ಲ, ನೋಟ ಸರಿಯಿಲ್ಲ. ಟ್ಯಾಕ್ಸಿವೇಲಿ ತಿರುಗುವಾಗ ಟರ್ಮಿನಲ್ ಕಟ್ಟಡದ ಅಂಚು ಎಳೆದೆಳೆದು ಬರುತ್ತೆ, ಕೆಲವೊಮ್ಮೆ ಮಧ್ಯಕ್ಕೆ ಅಡ್ಡ ಕತ್ತರಿಸಿದ ಹಾಗೆ ಕಾಣುತ್ತೆ. ಪಿಎಫ್‌ಡಿಯಲ್ಲಿ (ಪೈಲಟ್ ಮುಂದಿನ ಮುಖ್ಯ ಪರದೆ) ಎತ್ತರದ ಅಂಕಿ ಬದಲಾಗುವಾಗ ಹಳೇ ಅಂಕಿಯ ನೆರಳು ಉಳಿದುಕೊಳ್ಳುತ್ತೆ.

30ಕ್ಕೆ ಲಾಕ್ ಮಾಡು ಅಂತ ಕೆಲವರು, 30 ಅಂದ್ರೆ ಸ್ಲೈಡ್ ಶೋ ಅಂತ ಇನ್ನು ಕೆಲವರು. ಫ್ರೇಮ್ ಜನರೇಷನ್ ಹಾಕು ಅಂತ ಮತ್ತೊಬ್ಬರು. ಯಾವುದು ಸರಿ? ಲಾಕ್ ಮಾಡೋದಾದ್ರೆ ಸಿಮ್ ಒಳಗಾ, ಡ್ರೈವರಲ್ಲಾ, ಆರ್‌ಟಿಎಸ್‌ಎಸ್‌ನಲ್ಲಾ (ಫ್ರೇಮ್ ಮಿತಿ ಹಾಕೋ ಹೊರಗಿನ ಪ್ರೋಗ್ರಾಂ)?

ಮಿಲಿಸೆಕೆಂಡ್

ಎಫ್‌ಪಿಎಸ್ ಬಿಟ್ಟು ಮಿಲಿಸೆಕೆಂಡಲ್ಲಿ ಯೋಚಿಸಿ, ಅರ್ಧ ಗೊಂದಲ ಅಲ್ಲೇ ಹೋಗುತ್ತೆ.

60 ಹರ್ಟ್ಸ್ ಮಾನಿಟರ್ ಪ್ರತಿ 16.7 ಮಿಲಿಸೆಕೆಂಡಿಗೆ ಒಮ್ಮೆ ಪರದೆ ಬದಲಿಸುತ್ತೆ. ನಡುವೆ ಬದಲಿಸೋಕೆ ಅದಕ್ಕೆ ಬರಲ್ಲ. ನಿಮ್ಮ ಸಿಮ್ 45 ಎಫ್‌ಪಿಎಸ್ ಅಂದ್ರೆ ಒಂದು ಫ್ರೇಮಿಗೆ 22.2. ವಿ-ಸಿಂಕ್ ಹಾಕಿ 45 ಸರಾಸರಿ ಬಂದ್ರೆ ನಾಲ್ಕು ರಿಫ್ರೆಶ್‌ಗೆ ಮೂರೇ ಫ್ರೇಮ್. ಎರಡು ಫ್ರೇಮ್ ತಲಾ 16.7 ನಿಲ್ಲುತ್ತವೆ, ಮೂರನೇದು 33.3 ನಿಲ್ಲುತ್ತೆ. ವಿಮಾನ ಒಂದೇ ವೇಗದಲ್ಲಿ ತಿರುಗ್ತಿದ್ರೂ ಕಟ್ಟಡ ಚುರುಕು, ಚುರುಕು, ನಿಂತು, ಚುರುಕು, ಚುರುಕು, ನಿಂತು ಅಂತ ಸಾಗುತ್ತೆ. ಕುಲುಕು ಅನ್ನೋದು ಇದೇ. ವಿ-ಸಿಂಕ್ ತೆಗೆದ್ರೆ ನಿಲ್ಲೋದು ಹೋಗುತ್ತೆ, ಅದರ ಬದಲು ಪರದೆ ಅರ್ಧ ಬದಲಾಗಿರುವಾಗಲೇ ಹೊಸ ಫ್ರೇಮ್ ಬಂದು ಬೀಳುತ್ತೆ. ನೀವು ನೋಡ್ತಿರೋ ಅಡ್ಡ ಕತ್ತರಿ ಅದು.

30ರಲ್ಲಿ ಪ್ರತಿ ಫ್ರೇಮೂ ಸರಿಯಾಗಿ ಎರಡು ರಿಫ್ರೆಶ್ ನಿಲ್ಲುತ್ತೆ. 33.3, 33.3, 33.3. ಲೆಕ್ಕದಲ್ಲಿ 45ಕ್ಕಿಂತ ಕಮ್ಮಿ, ಕಣ್ಣಿಗೆ 45ಕ್ಕಿಂತ ನಯ. ನಿಮ್ಮ ಕನಿಷ್ಠ 41 ಅಂದ್ರೆ 24.4 ಮಿಲಿಸೆಕೆಂಡ್, 33.3 ಮುಟ್ಟೋಕೆ ಇನ್ನೂ ಸುಮಾರು 9 ಉಳಿಯುತ್ತೆ. ಹೊಸ ದೃಶ್ಯ ಲೋಡ್ ಆಗುವಾಗ ಬೀಳೋ ಹೊರೆಯನ್ನ ಆ 9 ನುಂಗಿಕೊಳ್ಳುತ್ತೆ. ನನ್ನ ಓಟು 30ಕ್ಕೆ.

ಗರುಡಪಟ

ಒಪ್ಪಲ್ಲ. 30ರಲ್ಲಿ ತಲೆ ತಿರುಗಿಸಿ ನೋಡಿ, ಎಲ್ಲಾ ಎರಡೆರಡಾಗಿ ಕಾಣುತ್ತೆ. ಲಿಮಿಟ್ ಪೂರ್ತಿ ತೆಗೆದು ವಿಆರ್‌ಆರ್ ಮಾನಿಟರಿಗೆ ಬಿಟ್ಟುಬಿಡೋದೇ ಸರಿ. ಮಾನಿಟರ್ ಫ್ರೇಮಿಗೆ ಕಾಯುತ್ತೆ, ಫ್ರೇಮ್ ಮಾನಿಟರಿಗೆ ಕಾಯೋ ಹಾಗಿಲ್ಲ.

ನೋಟಾಮ್

ಅವರ ಮಾನಿಟರಲ್ಲಿ ವಿಆರ್‌ಆರ್ ಇಲ್ಲ ಅಂತ ಎರಡನೇ ಸಾಲಲ್ಲೇ ಇದೆ.

ಮಿಲಿಸೆಕೆಂಡ್

ಗರುಡಪಟ, ವಿಆರ್‌ಆರ್ ಇದ್ರೂ ಲಿಮಿಟ್ ತೆಗೆಯಬೇಡಿ. ವಿಆರ್‌ಆರ್ ಎರಡು ಕೆಲಸ ಮಾಡುತ್ತೆ: ಅಡ್ಡ ಕತ್ತರಿ ತಡೆಯುತ್ತೆ, 16.7ರ ಮೆಟ್ಟಿಲಿಗೆ ಕಾಯೋದನ್ನ ತಪ್ಪಿಸುತ್ತೆ. ಒಂದು ಫ್ರೇಮ್ 20, ಮುಂದಿನದು 45 ಮಿಲಿಸೆಕೆಂಡ್ ಬಂದ್ರೆ ಆ 45 ಹಾಗೇ ಕಣ್ಣಿಗೆ ಬೀಳುತ್ತೆ.

ಇನ್ನೊಂದು ವಿಷಯ, ವ್ಯಾಪ್ತಿ ನೋಡಿಕೊಳ್ಳಬೇಕು. 48ರಿಂದ 144 ಹರ್ಟ್ಸ್ ವ್ಯಾಪ್ತಿ ಇರೋ ಮಾನಿಟರಲ್ಲಿ ಸಿಮ್ 40ಕ್ಕೆ ಇಳಿದ್ರೆ ಪ್ರತಿ ಫ್ರೇಮನ್ನ ಎರಡು ಸಲ ತೋರಿಸಿ 80 ಹರ್ಟ್ಸಲ್ಲಿ ಓಡಿಸಬಹುದು. 48ರಿಂದ 75ರ ಮಾನಿಟರಲ್ಲಿ 80 ಅನ್ನೋದು ವ್ಯಾಪ್ತಿಯಿಂದಲೇ ಆಚೆ. ಅಲ್ಲಿ 48ರ ಕೆಳಗೆ ಇಳಿದ ತಕ್ಷಣ ವಿಆರ್‌ಆರ್ ಕೈಬಿಡುತ್ತೆ, ದೊಡ್ಡ ಏರ್‌ಪೋರ್ಟಲ್ಲಿ ಸಿಮ್ ಇರೋದೇ 40ರ ಆಸುಪಾಸು. ಪೆಟ್ಟಿಗೆ ಮೇಲೆ ವಿಆರ್‌ಆರ್ ಅಂತ ಬರೆದಿದ್ರೆ ಸಾಲದು.

ಗರುಡಪಟ

ವ್ಯಾಪ್ತಿಯ ಮಾತು ಸರಿ, ಒಪ್ಪಿದೆ. ಆದ್ರೆ 30ರ ಎರಡೆರಡು ಅಂಚಿನ ಸಮಸ್ಯೆಗೆ ಇನ್ನೂ ಉತ್ತರ ಬಂದಿಲ್ಲ.

ಥ್ರಾಟಲ್‌ಐಡಲ್

ಲಾಕ್ ಎಷ್ಟು ಅನ್ನೋದಕ್ಕಿಂತ ಮೊದಲು ತಡೆ ಎಲ್ಲಿದೆ ಅಂತ ನೋಡಿ. ಜನರಲ್ ಆಪ್ಷನ್ಸಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಮೇಲೆ ಬರೋ ಪಟ್ಟಿಯ ಡೀಬಗ್ ಮೆನುವಿನಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಒತ್ತಿ. ಬಲಗಡೆ ಒಂದು ಪೆಟ್ಟಿಗೆ ಬರುತ್ತೆ. ಅದರಲ್ಲಿ ಲಿಮಿಟೆಡ್ ಬೈ ಮೇನ್‌ಥ್ರೆಡ್ (ಸಿಪಿಯುನಲ್ಲಿ ಓಡೋ ಸಿಮ್‌ನ ಮುಖ್ಯ ಕೆಲಸ) ಅಂತನೋ ಲಿಮಿಟೆಡ್ ಬೈ ಜಿಪಿಯು ಅಂತನೋ ಇರುತ್ತೆ. ಆ ಹೊತ್ತಿಗೆ ಎಲ್ಲಾ ಲಿಮಿಟರ್, ವಿ-ಸಿಂಕ್ ಆಫ್ ಇರಲಿ. ಲಾಕ್ ಹಾಕಿಕೊಂಡು ನೋಡಿದ್ರೆ ಅಲ್ಲಿ ಕಾಣೋದು ಲಾಕಿನ ಪರಿಣಾಮ, ನಿಜವಾದ ಹೊರೆ ಅಲ್ಲ.

ದೊಡ್ಡ ಏರ್‌ಪೋರ್ಟ್, ಜೆಟ್ ಕಾಕ್‌ಪಿಟ್, ಎಲ್‌ಒಡಿ 200, ಜೊತೆಗೆ ಡಿಎಲ್‌ಎಸ್‌ಎಸ್. ಮೇನ್‌ಥ್ರೆಡ್ಡೇ ಇರಬೇಕು ಅನ್ನೋದು ನನ್ನ ಅಂದಾಜು. ನೋಡಿ ಹೇಳಿ.

ಬಾಲರೆಕ್ಕೆ

ನೋಡಿದೆ. ಮೇನ್‌ಥ್ರೆಡ್ 23ರಿಂದ 25, ಜಿಪಿಯು 14ರಿಂದ 15 ಮಿಲಿಸೆಕೆಂಡ್. ಆದ್ರೆ ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು 30 ಪರ್ಸೆಂಟ್ ದಾಟ್ತಿಲ್ಲ. ಹಾಗಿದ್ರೆ ಸಿಪಿಯು ಹೇಗೆ ತಡೆಯಾಗುತ್ತೆ?

ಟ್ರಿಮ್‌ವ್ಹೀಲ್

ಆರು ಕೋರ್, ಹನ್ನೆರಡು ಥ್ರೆಡ್. ಒಂದೇ ಥ್ರೆಡ್ ಪೂರ್ತಿ ಬಿಗಿದುಕೊಂಡಿದ್ರೂ ಒಟ್ಟು ಲೆಕ್ಕದಲ್ಲಿ ಅದು 8.3 ಪರ್ಸೆಂಟ್ ಅಷ್ಟೇ. ಮೇನ್‌ಥ್ರೆಡ್ ಕೆಲಸವನ್ನ ಪಕ್ಕದ ಕೋರಿಗೆ ಹಂಚೋಕಾಗಲ್ಲ. 30 ಪರ್ಸೆಂಟ್ ನೋಡಿ ಸಿಪಿಯು ಬಿಡುವಾಗಿದೆ ಅಂದುಕೊಳ್ಳೋದು ತುಂಬಾ ಜನ ಮಾಡೋ ತಪ್ಪು.

ಅದೇ ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಪುಟಕ್ಕೆ ಹೋಗಿ ಸ್ಪೀಡ್ ಎಷ್ಟಿದೆ ನೋಡಿ. ಡಿಡಿಆರ್4 3200ರ ರ್ಯಾಮ್ ಹಾಕಿ ಬಯಾಸಲ್ಲಿ ಎಕ್ಸ್‌ಎಂಪಿ (ರ್ಯಾಮನ್ನ ಪೂರ್ತಿ ವೇಗಕ್ಕೆ ತರೋ ಸೆಟ್ಟಿಂಗ್) ಆನ್ ಮಾಡದಿದ್ರೆ 2133ರಲ್ಲೋ 2400ರಲ್ಲೋ ಓಡ್ತಿರುತ್ತೆ. ಮೇನ್‌ಥ್ರೆಡ್ ಮೆಮೊರಿಗಾಗಿ ಕಾಯೋದೇ ಜಾಸ್ತಿ, ಹಾಗಾಗಿ ಫ್ಲೈಟ್ ಸಿಮ್‌ಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. 2022ರಲ್ಲಿ ಬಂದ ಎಎಂಡಿಯ 5800ಎಕ್ಸ್3ಡಿ ಪ್ರೊಸೆಸರ್ ಸಿಮ್ ಆಡೋರಲ್ಲಿ ಅಷ್ಟು ಹೆಸರು ಮಾಡಿದ್ದೂ ಇದಕ್ಕೇ. ಅದರಲ್ಲಿ ಎಲ್3 ಕ್ಯಾಶ್ 96 ಎಂಬಿ. ಬೇಕಾದ ಡೇಟಾ ಹತ್ತಿರದಲ್ಲೇ ಸಿಕ್ಕಿದ್ರೆ ಕಾಯೋ ಮಾತೇ ಇಲ್ಲ.

ಥ್ರಾಟಲ್‌ಐಡಲ್

ಅಂದಾಜು ಸರಿಹೋಯ್ತು. ಜಿಪಿಯು 15ರಲ್ಲಿ ಮುಗಿಸಿ ಮೇನ್‌ಥ್ರೆಡ್ಡಿಗೆ 9 ಮಿಲಿಸೆಕೆಂಡ್ ಕಾಯ್ತಿದೆ. ಈಗ ಮೋಡ ಇಳಿಸೋದು, ನೆರಳು ಇಳಿಸೋದು, ರೆಂಡರ್ ಸ್ಕೇಲ್ ಇಳಿಸೋದು ಎಲ್ಲಾ ದಂಡ. ಅವು ಜಿಪಿಯು ಹೊರೆ. ಮೋಡ ಅಲ್ಟ್ರಾ ಹಾಗೇ ಇರಲಿ, ಕಣ್ಣಿಗೆ ಹಬ್ಬ.

ಇಳಿಸಬೇಕಾದ್ದು ಬೇರೆ. ಮೊದಲು ಟೆರೇನ್ ಎಲ್‌ಒಡಿ 200ರಿಂದ 100ಕ್ಕೆ. ಅದು ದೂರದ ಗುಣಕ. ದೂರ ಎರಡು ಪಟ್ಟಾದ್ರೆ ನೆಲದ ವಿಸ್ತೀರ್ಣ ನಾಲ್ಕು ಪಟ್ಟು, ಅದರಲ್ಲಿ ಸೇರೋ ಮನೆ ಮರಗಳ ಲೆಕ್ಕವೂ ಹಾಗೇ ಏರುತ್ತೆ. ಆಮೇಲೆ ಆಬ್ಜೆಕ್ಟ್ ಎಲ್‌ಒಡಿ 100. ಏರ್‌ಪೋರ್ಟ್ ವಾಹನ, ಕೆಲಸಗಾರರು, ನಿಂತಿರೋ ವಿಮಾನಗಳು, ರಸ್ತೆ ಟ್ರಾಫಿಕ್, ಇವನ್ನ 10ರಿಂದ 20ಕ್ಕೆ ತನ್ನಿ. ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ ಹೈ ಇದ್ರೆ ಮೀಡಿಯಂ ಮಾಡಿ. ಜೆಟ್ ಕಾಕ್‌ಪಿಟ್ಟಲ್ಲಿ ಐದಾರು ಪರದೆ ಇರ್ತವೆ, ಒಂದೊಂದನ್ನೂ ಹೊಸದಾಗಿ ಬರೆಯೋಕೆ ಸಮಯ ಬೇಕು.

ಒಂದೊಂದೇ ಬದಲಿಸಿ. ಐದು ಒಟ್ಟಿಗೆ ಬದಲಿಸಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ.

ಗಾಳಿಗೋಪುರ

ಎಲ್‌ಒಡಿ 100 ಅಂದ್ರೆ 35,000 ಅಡಿಯಿಂದ ನೋಡಿದಾಗ ದೂರದ ಬೆಟ್ಟ ಮೇಣದ ಹಾಗೆ ಕರಗಿರುತ್ತೆ. ನನಗದು ಆಗಿಬರಲ್ಲ.

ಥ್ರಾಟಲ್‌ಐಡಲ್

ನಿಜ, ಆದ್ರೆ 35,000 ಅಡಿಯಲ್ಲಿ ಮೇನ್‌ಥ್ರೆಡ್ ಬಿಡುವಾಗಿರುತ್ತೆ. ಅಲ್ಲಿ 200 ಇಟ್ಟುಕೊಳ್ಳಿ, 10,000 ಅಡಿಗೆ ಇಳಿಯೋದ್ರೊಳಗೆ 100 ಮಾಡಿ. ನೆಲದ ಹತ್ತಿರ ದೃಷ್ಟಿ ಹೇಗೂ ದೂರ ಹೋಗಲ್ಲ, ಕಟ್ಟಡ ಮರ ಅಡ್ಡ ಬರ್ತವೆ. ಎತ್ತರ ನೋಡಿ ಎಲ್‌ಒಡಿಯನ್ನ ತಾನೇ ಏರಿಸಿ ಇಳಿಸೋ ಉಚಿತ ಸಹಾಯಕ ಆ್ಯಪ್‌ಗಳೂ ಇವೆ.

ಹಳೇಸಿಮ್ಮರ್

ಲಾಕ್ ಯಾವಾಗಲೂ ಸಿಮ್ ಒಳಗೇ ಹಾಕಬೇಕು, ಹೊರಗೆ ಹಾಕಿದ್ರೆ ನೆಲ ಮಸುಕಾಗುತ್ತೆ. ಎಫ್‌ಎಸ್‌ಎಕ್ಸ್ (ಮೈಕ್ರೋಸಾಫ್ಟಿನ ಹಳೇ ಸಿಮ್) ಕಾಲದಿಂದ ಬಂದ ನಿಯಮ ಇದು.

ಮಿಲಿಸೆಕೆಂಡ್

ಎಫ್‌ಎಸ್‌ಎಕ್ಸ್‌ಗೆ ಅದು ಸರಿ, ಇಲ್ಲಿ ಅನ್ವಯಿಸಲ್ಲ. ಎಫ್‌ಎಸ್‌ಎಕ್ಸ್ 2006ರ 32-ಬಿಟ್ ಪ್ರೋಗ್ರಾಂ. ಅದರ ಟಾರ್ಗೆಟ್ ಫ್ರೇಮ್ ರೇಟ್ ಸ್ಲೈಡರ್ ಬರೀ ಲಿಮಿಟರ್ ಆಗಿರಲಿಲ್ಲ. ಒಂದು ಮಿತಿ ಕೊಟ್ರೆ ಫ್ರೇಮ್ ಮುಗಿದು ಉಳಿದ ಸಮಯವನ್ನ ನೆಲದ ಟೆಕ್ಸ್ಚರ್ ಲೋಡ್ ಮಾಡೋಕೆ ಬಳಸ್ತಿತ್ತು. ಅನ್‌ಲಿಮಿಟೆಡ್ ಅಂತ ಬಿಟ್ರೆ ಎಲ್ಲಾ ಸಮಯ ಫ್ರೇಮ್ ಬರೆಯೋಕೇ ಹೋಗಿ ನೆಲ ಮಸುಕಾಗ್ತಿತ್ತು. ಎಫ್‌ಎಸ್‌ಎಕ್ಸ್ ಸಿಎಫ್‌ಜಿ ಫೈಲಲ್ಲಿ ಫೈಬರ್ ಫ್ರೇಮ್ ಟೈಮ್ ಫ್ರಾಕ್ಷನ್ ಅಂತ ಒಂದು ಸಾಲು, ಮೂಲ ಬೆಲೆ 0.33. ಆ ಹಂಚಿಕೆಯನ್ನ ಅಲ್ಲಿ ತಿದ್ದಬಹುದಿತ್ತು.

ಎಂಎಸ್‌ಎಫ್‌ಎಸ್‌ನಲ್ಲಿ ನೆಲದ ಡೇಟಾ ಲೋಡ್ ಆಗೋದು ಬೇರೆ ಥ್ರೆಡ್‌ಗಳಲ್ಲಿ. ಹೊರಗೆ ಲಾಕ್ ಹಾಕಿದ್ರೂ ನೆಲ ಮಸುಕಾಗಲ್ಲ.

ಹಳೇಸಿಮ್ಮರ್

ಹಾಗಾದ್ರೆ ಸರಿ, ಆ ಎರಡನ್ನ ಬೇರೆ ಮಾಡಿ ನೋಡಿರಲಿಲ್ಲ. ಎಫ್‌ಎಸ್‌ಎಕ್ಸ್‌ನ 4 ಜಿಬಿ ಮಿತಿ ತುಂಬಿ ಲ್ಯಾಂಡಿಂಗ್ ಹೊತ್ತಿಗೆ ಸಿಮ್ಮೇ ಮುಚ್ಚಿಹೋಗ್ತಿತ್ತಲ್ಲ, ಟೆಕ್ಸ್ಚರ್ ಇಳಿಸೋ ಅಭ್ಯಾಸ ಬಂದದ್ದು ಅದರಿಂದ. 2017ರಲ್ಲಿ ಪ್ರಿಪೇರ್3ಡಿ (ಎಫ್‌ಎಸ್‌ಎಕ್ಸ್ ಜಾತಿಯ ಇನ್ನೊಂದು ಸಿಮ್) ನಾಲ್ಕನೇ ಆವೃತ್ತಿ 64-ಬಿಟ್ ಆದ್ಮೇಲೆ ಆ ಕಾಟ ತಪ್ಪಿತು.

ನೋಟಾಮ್

ಮಿತಿ ತಪ್ಪಲಿಲ್ಲ, ರ್ಯಾಮಿಂದ ವಿ-ರ್ಯಾಮಿಗೆ ಜಾಗ ಬದಲಿಸಿತು. ಬಾಲರೆಕ್ಕೆ ಅವರ ಸೆಟಪ್ಪಲ್ಲಿ 8 ಜಿಬಿ ಕಾರ್ಡಿಗೆ ಟೆಕ್ಸ್ಚರ್ ಅಲ್ಟ್ರಾ ಇದೆ. ಟಾಸ್ಕ್ ಮ್ಯಾನೇಜರಲ್ಲಿ ಜಿಪಿಯು ಪುಟ ತೆರೆದು ಡೆಡಿಕೇಟೆಡ್ ಮೆಮೊರಿ, ಶೇರ್ಡ್ ಮೆಮೊರಿ ಎರಡೂ ಗೆರೆ ನೋಡಿ. ಡೆಡಿಕೇಟೆಡ್ ಚಾವಣಿಗೆ ತಾಗಿ ಚಪ್ಪಟೆಯಾಗಿದ್ದು ಶೇರ್ಡ್ ಏರ್ತಾ ಇದ್ರೆ ಕಾರ್ಡಲ್ಲಿ ಜಾಗ ಮುಗಿದಿದೆ ಅಂತ. ಹೊಸ ಟೆಕ್ಸ್ಚರ್ ಬೇಕಾದಾಗಲೆಲ್ಲ ಪಿಸಿಐಇ ಮೂಲಕ ಸಿಸ್ಟಂ ರ್ಯಾಮಿಂದ ಎಳೆದು ತರಬೇಕು. ಆ ಎಳೆದಾಟದಲ್ಲಿ ನೋಟ ಬದಲಿಸಿದಾಗೆಲ್ಲ ಪರದೆ ಒಂದು ಕ್ಷಣ ನಿಂತು ಹೋಗುತ್ತೆ. ಲಾಕ್ 30 ಇರಲಿ 20 ಇರಲಿ, ಇದು ತಪ್ಪಲ್ಲ.

ಅಲ್ಟ್ರಾದಿಂದ ಹೈಗೆ ಇಳಿಸಿ. ಡಿಎಕ್ಸ್12 (ಡೈರೆಕ್ಟ್‌ಎಕ್ಸ್ 12, ಗ್ರಾಫಿಕ್ಸ್ ವ್ಯವಸ್ಥೆ) ಬೀಟಾ ಆನ್ ಇದ್ರೆ ಡಿಎಕ್ಸ್11ಗೆ ಬನ್ನಿ, 12ರಲ್ಲಿ ವಿ-ರ್ಯಾಮ್ ಜಾಸ್ತಿ ಹೋಗುತ್ತೆ. ಬ್ರೌಸರ್‌ನಲ್ಲಿ ನಕ್ಷೆ, ವಿಡಿಯೊ ತೆರೆದಿಟ್ಟಿದ್ರೆ ಅವೂ ಅದೇ 8 ಜಿಬಿಯಲ್ಲಿ ಪಾಲು ತಗೊಳ್ತವೆ.

ಫೈನಲ್‌ಅಪ್ರೋಚ್

ಸಿನಿಮಾ 24ರಲ್ಲೇ ಓಡುತ್ತೆ, ಯಾರೂ ದೂರಲ್ಲ. 30 ಧಾರಾಳ ಆಯ್ತು. ಇಷ್ಟು ಚರ್ಚೆ ಯಾಕೆ ಅಂತ.

ಗರುಡಪಟ

ಸಿನಿಮಾ ಹೋಲಿಕೆ ಇಲ್ಲಿ ಕೂರಲ್ಲ. ಕ್ಯಾಮೆರಾ ಸಾಮಾನ್ಯವಾಗಿ 1/48 ಸೆಕೆಂಡ್ ಶಟರ್ ತೆರೆದಿಟ್ಟು ಒಂದು ಫ್ರೇಮ್ ಹಿಡಿಯುತ್ತೆ. ಆ ಹೊತ್ತಿನಲ್ಲಿ ನಡೆದ ಚಲನೆಯೆಲ್ಲ ಫ್ರೇಮ್ ಒಳಗೇ ಮಸುಕಾಗಿ ಬೆರೆತಿರುತ್ತೆ, ಕಣ್ಣು ಅದನ್ನ ಮುಂದಿನ ಫ್ರೇಮಿಗೆ ಸರಾಗವಾಗಿ ಜೋಡಿಸಿಕೊಳ್ಳುತ್ತೆ. ಸಿಮ್ ಬರೆಯೋ ಫ್ರೇಮ್ ಒಂದೇ ಕ್ಷಣದ್ದು, ಚೂಪು ಅಂಚಿನದ್ದು. ಎರಡು ಚೂಪು ಅಂಚುಗಳ ಮಧ್ಯದ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತೆ. ಛಾಯಾಗ್ರಾಹಕರು ಕ್ಯಾಮೆರಾನ ಜೋರಾಗಿ ಪಕ್ಕಕ್ಕೆ ತಿರುಗಿಸೋದನ್ನೂ ಆದಷ್ಟು ತಪ್ಪಿಸ್ತಾರೆ. ಕಾಕ್‌ಪಿಟ್ಟಲ್ಲಿ ನಾವು ಹ್ಯಾಟ್ ಸ್ವಿಚ್ (ಸ್ಟಿಕ್ ಮೇಲಿನ ನೋಟ ತಿರುಗಿಸೋ ಗುಂಡಿ) ಒತ್ತಿ ಮಾಡೋದು ಅದೇ.

ಮಿಲಿಸೆಕೆಂಡ್

ಗರುಡಪಟ ಕೇಳಿದ ಎರಡೆರಡು ಅಂಚಿಗೆ ಈಗ ಲೆಕ್ಕ ಹಾಕೋಣ. 2560 ಪಿಕ್ಸೆಲ್ ಅಗಲದಲ್ಲಿ 60 ಡಿಗ್ರಿ ನೋಟ ಅಂದ್ರೆ ಒಂದು ಡಿಗ್ರಿಗೆ ಸುಮಾರು 43 ಪಿಕ್ಸೆಲ್. ಹ್ಯಾಟ್ ಸ್ವಿಚ್ ಸೆಕೆಂಡಿಗೆ 60 ಡಿಗ್ರಿ ತಿರುಗಿಸಿದ್ರೆ 30 ಎಫ್‌ಪಿಎಸ್‌ನಲ್ಲಿ ಫ್ರೇಮಿಂದ ಫ್ರೇಮಿಗೆ 2 ಡಿಗ್ರಿ, ಅಂದ್ರೆ 85 ಪಿಕ್ಸೆಲ್ ಜಿಗಿತ. ಕಣ್ಣು ಅಂಚನ್ನ ಹಿಂಬಾಲಿಸ್ತಾ ಸರಿಯುತ್ತೆ, ಆದ್ರೆ ಅದೇ ಚಿತ್ರ ಎರಡು ರಿಫ್ರೆಶ್ ಹೊತ್ತು ಅಲ್ಲೇ ನಿಂತಿರುತ್ತೆ. ಅಂಚು ಎರಡಾಗಿ ಕಾಣೋದು ಹಾಗೆ.

ಪರಿಹಾರ ಫ್ರೇಮ್ ರೇಟಲ್ಲೇ ಹುಡುಕಬೇಕಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ತಿರುಗೋ ವೇಗ ಇಳಿಸಿ. ಸೆಕೆಂಡಿಗೆ 20 ಡಿಗ್ರಿ ಮಾಡಿದ್ರೆ ಜಿಗಿತ 28 ಪಿಕ್ಸೆಲ್, ಅಂಚು ಒಂದಾಗಿ ಕಾಣೋಕೆ ಶುರುವಾಗುತ್ತೆ. ಫೈನಲಲ್ಲಿ (ಇಳಿಯೋ ಕೊನೇ ಹಂತ) ನೇರ ಮುಂದೆ ನೋಡ್ತಿರುವಾಗ ರನ್‌ವೇ ಪರದೆ ಮೇಲೆ ಸರಿಯೋದೇ ನಿಧಾನ, ಅಲ್ಲಿ 30ರಲ್ಲೂ ಇದು ಕಾಣಲ್ಲ. ಹೆಡ್ ಟ್ರ್ಯಾಕಿಂಗ್ (ತಲೆ ತಿರುಗಿಸಿದ ಹಾಗೆ ನೋಟ ತಿರುಗಿಸೋದು) ಇಟ್ಟುಕೊಂಡು ಸುತ್ತಮುತ್ತ ಬೇಗ ಬೇಗ ನೋಡೋರಿಗೆ ಮಾತ್ರ 30 ಒಗ್ಗಲ್ಲ. ಅಷ್ಟು ನಾನೂ ಒಪ್ತೀನಿ.

ಗರುಡಪಟ

ಹೆಡ್ ಟ್ರ್ಯಾಕಿಂಗ್ ಇಲ್ಲದೆ ಸಿಮ್ ಆಡೋ ಕಲ್ಪನೆಯೇ ನನಗಿಲ್ಲ, ಜಗಳ ಬಂದದ್ದು ಅಲ್ಲಿಂದ. 120 ಹರ್ಟ್ಸ್ ಮಾನಿಟರ್ ಇದ್ರೆ 40ಕ್ಕೆ ಲಾಕ್ ಮಾಡಬಹುದು, ಮೂರು ರಿಫ್ರೆಶ್‌ಗೆ ಒಂದು ಫ್ರೇಮ್, 25 ಮಿಲಿಸೆಕೆಂಡ್. 33.3ಕ್ಕೂ 16.7ಕ್ಕೂ ಸರಿಯಾಗಿ ನಡುಮಧ್ಯ. 144ರಲ್ಲಿ 48 ಅಥವಾ 36. ಸಿಮ್ ಆಡೋರಿಗೆ ಜಾಸ್ತಿ ಹರ್ಟ್ಸ್ ಬೇಕಿರೋದು 144 ಮುಟ್ಟೋಕಲ್ಲ, ಭಾಗಿಸೋಕೆ ಸಂಖ್ಯೆಗಳು ಸಿಗಲಿ ಅಂತ.

ಟ್ರಿಮ್‌ವ್ಹೀಲ್

ಇದು ಒಳ್ಳೇ ಮಾತು. 60 ಹರ್ಟ್ಸ್ ಅಂತ ಮಾರಿದ ಕೆಲವು ಮಾನಿಟರ್‌ಗಳು ಕಸ್ಟಮ್ ರೆಸಲ್ಯೂಷನ್ ಕೊಟ್ರೆ 75ಕ್ಕೂ ಒಪ್ತವೆ. ಅರ್ಧ 37.5, ಅಂದ್ರೆ 26.7 ಮಿಲಿಸೆಕೆಂಡ್. ಬಾಲರೆಕ್ಕೆ ಅವರ ಮೇನ್‌ಥ್ರೆಡ್ ಈಗಿರೋ 25ಕ್ಕೆ ಅದು ತೀರಾ ಬಿಗಿ, ಎಲ್‌ಒಡಿ ಇಳಿಸಿದ ಮೇಲೆ ಯೋಚಿಸಬಹುದು. ಪರದೆ ಕಪ್ಪಾದ್ರೆ 15 ಸೆಕೆಂಡ್ ಏನೂ ಮುಟ್ಟದೆ ಕಾಯಿರಿ, ವಿಂಡೋಸ್ ಹಳೇ ಸೆಟ್ಟಿಂಗಿಗೆ ತಾನೇ ಮರಳುತ್ತೆ.

ಬಾಲರೆಕ್ಕೆ

ಲಾಕ್ ಎಲ್ಲಿ ಹಾಕೋದು ಅನ್ನೋದು ಹಾಗೇ ಉಳೀತು. ಸಿಮ್ಮಲ್ಲಿ ವಿ-ಸಿಂಕ್ 30, ಆರ್‌ಟಿಎಸ್‌ಎಸ್‌ನಲ್ಲಿ 30, ಎರಡೂ ಹಾಕಿ ನೋಡಿದೆ. ಮುಕ್ಕಾಲು ಪಾಲು ನಯವಾಗಿದೆ, ಅರ್ಧ ನಿಮಿಷಕ್ಕೊಮ್ಮೆ ಸಣ್ಣದಾಗಿ ಎಡವುತ್ತೆ.

ಮಿಲಿಸೆಕೆಂಡ್

ಅರ್ಧ ನಿಮಿಷ ಅಂತ ಕಾಲ ಹೇಳಿದ್ದು ಒಳ್ಳೇದಾಯ್ತು, ಕಾರಣ ಅದರಲ್ಲೇ ಇದೆ. ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್ಸಲ್ಲಿ ನಿಮ್ಮ ಮಾನಿಟರ್ ನಿಜವಾಗಿ ಎಷ್ಟಿದೆ ನೋಡಿ. 59.94 ಅಥವಾ 59.95 ಇರುತ್ತೆ. ಅದರ ಅರ್ಧ 29.97. ಆರ್‌ಟಿಎಸ್‌ಎಸ್ ಕೊಡ್ತಿರೋದು 30.00. ವ್ಯತ್ಯಾಸ ಸೆಕೆಂಡಿಗೆ 0.03 ಫ್ರೇಮ್, ಸುಮಾರು 33 ಸೆಕೆಂಡಿಗೆ ಒಂದು ಫ್ರೇಮ್ ಜಾರುತ್ತೆ. ಎರಡು ಗಡಿಯಾರ ಅಕ್ಕಪಕ್ಕ ಇಟ್ಟು ಒಂದಕ್ಕೊಂದು ತಾಳ ಹಾಕೋಕೆ ಹೇಳಿದ ಹಾಗೆ.

ಒಂದೇ ಲಿಮಿಟರ್ ಇಟ್ಟುಕೊಳ್ಳಿ. ಸಿಮ್ ಒಳಗೆ ವಿ-ಸಿಂಕ್ ಆನ್, ಮಿತಿ ಮಾನಿಟರ್ ರಿಫ್ರೆಶ್‌ನ 50 ಪರ್ಸೆಂಟ್. ಹಳೇ ಆವೃತ್ತಿಯಲ್ಲಿ ಅದೇ ಜಾಗದಲ್ಲಿ 30 ಅಂತ ಇರುತ್ತೆ. ವಿ-ಸಿಂಕ್ ಮಾನಿಟರಿನ ತಾಳವನ್ನೇ ಹಿಡಿಯೋದ್ರಿಂದ 29.97ಕ್ಕೆ ತಾನೇ ಕೂರುತ್ತೆ. ಆರ್‌ಟಿಎಸ್‌ಎಸ್‌ನ ಮಿತಿ 0 ಮಾಡಿ, ಡ್ರೈವರಿನ ಮ್ಯಾಕ್ಸ್ ಫ್ರೇಮ್ ರೇಟ್ ಆಫ್. ಸಿಮ್‌ನ ವಿ-ಸಿಂಕ್ ನಿಮಗೆ ಹಿಡಿಸದಿದ್ರೆ ಆರ್‌ಟಿಎಸ್‌ಎಸ್‌ನ ಸ್ಕ್ಯಾನ್‌ಲೈನ್ ಸಿಂಕ್‌ನಲ್ಲಿ ಅರ್ಧದ ಆಯ್ಕೆ ಇದೆ, ಅದೂ ಮಾನಿಟರ್ ತಾಳಕ್ಕೇ ಕೂರುತ್ತೆ. ಆಗ ವಿ-ಸಿಂಕ್ ಎಲ್ಲಾ ಕಡೆ ಆಫ್ ಇರಬೇಕು, ಜಿಪಿಯು ಪೂರ್ತಿ ತುಂಬಿರಬಾರದು.

ಗಾಳಿಗೋಪುರ

ಡ್ರೈವರಲ್ಲಿ ಅಡಾಪ್ಟಿವ್ ಹಾಫ್ ರಿಫ್ರೆಶ್ ಅಂತ ಇದೆಯಲ್ಲ, ಅದು?

ಮಿಲಿಸೆಕೆಂಡ್

ಅದೂ ಆಗುತ್ತೆ. ಆದ್ರೆ 30ರ ಕೆಳಗೆ ಬಿದ್ದಾಗ ವಿ-ಸಿಂಕ್ ಬಿಟ್ಟುಕೊಡುತ್ತೆ, ಆ ಹೊತ್ತಿಗೆ ಅಡ್ಡ ಕತ್ತರಿ ವಾಪಸ್ ಕಾಣುತ್ತೆ. ಕೆಳಗೆ ಬೀಳದ ಹಾಗೆ ಹೊರೆ ಇಳಿಸಿದ್ರೆ ಎರಡಕ್ಕೂ ವ್ಯತ್ಯಾಸ ಇಲ್ಲ.

ಏಲೆರಾನ್

ಎಕ್ಸ್-ಪ್ಲೇನ್ ಆಡೋರೂ ಇದನ್ನ ಓದ್ತಿರಬಹುದು, ಅವರಿಗೊಂದು ಮಾತು. ಅಲ್ಲಿ ಫ್ರೇಮ್ ರೇಟ್ ಬರೀ ನೋಟದ ವಿಷಯ ಅಲ್ಲ. ಸುಮಾರು 20 ಎಫ್‌ಪಿಎಸ್ ಕೆಳಗೆ ಬಿದ್ರೆ ಸಿಮ್ ಕಾಲವನ್ನೇ ನಿಧಾನ ಮಾಡುತ್ತೆ. ಫ್ಲೈಟ್ ಮಾಡೆಲ್ ಲೆಕ್ಕ ಫ್ರೇಮಿಗೆ ಕಟ್ಟಿಕೊಂಡಿರೋದ್ರಿಂದ, ಎರಡು ಫ್ರೇಮ್ ನಡುವೆ ಅಂತರ ತುಂಬಾ ಆದ್ರೆ ವಿಮಾನ ಅಸ್ಥಿರವಾಗುತ್ತೆ, ಅದನ್ನ ತಪ್ಪಿಸೋಕೆ. ಗ್ರೌಂಡ್ ಸ್ಪೀಡ್ 140 ನಾಟ್ ತೋರಿಸ್ತಿದ್ರೂ ಗೋಡೆ ಗಡಿಯಾರದ ಪ್ರಕಾರ ಅಷ್ಟು ದೂರ ಕ್ರಮಿಸಿರಲ್ಲ. ಆನ್‌ಲೈನ್ ಎಟಿಸಿಯಲ್ಲಿ ಹಿಂದಿನ ವಿಮಾನ ನಿಮ್ಮ ಬೆನ್ನಿಗೆ ಬಂದು ನಿಲ್ಲುತ್ತೆ.

ಎಕ್ಸ್-ಪ್ಲೇನ್‌ನಲ್ಲಿ ಸಿಪಿಯು ಹೊರೆ ಇಳಿಸೋಕೆ ಮೊದಲು ಮುಟ್ಟಬೇಕಾದ್ದು ವರ್ಲ್ಡ್ ಆಬ್ಜೆಕ್ಟ್ಸ್. ಡೇಟಾ ಔಟ್‌ಪುಟ್ ಪುಟದಲ್ಲಿ ಫ್ರೇಮ್ ರೇಟ್ ಸಾಲನ್ನ ಕಾಕ್‌ಪಿಟ್‌ನಲ್ಲಿ ತೋರಿಸು ಅಂತ ಟಿಕ್ ಮಾಡಿದ್ರೆ ಸಿಪಿಯು ಸಮಯ, ಜಿಪಿಯು ಸಮಯ ಬೇರೆ ಬೇರೆ ಬರ್ತವೆ. ಯಾವುದು ದೊಡ್ಡದೋ ಅದೇ ತಡೆ.

ನೋಟಾಮ್

ಫ್ಲೈಟ್‌ಗಿಯರ್‌ನಲ್ಲೂ ರೆಂಡರಿಂಗ್ ಆಪ್ಷನ್ಸಲ್ಲಿ ಥ್ರಾಟಲ್ ಎಫ್‌ಪಿಎಸ್ ಇದೆ. 30 ಕೊಟ್ಟು ಬಿಡಿ.

ಫೈನಲ್‌ಅಪ್ರೋಚ್

ಸಿನಿಮಾ ಮಾತು ವಾಪಸ್ ತಗೊಂಡೆ. ಈಗ ಫ್ರೇಮ್ ಜನರೇಷನ್ ಬಗ್ಗೆ ಹೇಳಿ. 30ನ್ನ 60 ಮಾಡಿಕೊಡುತ್ತೆ ಅಂದ್ಮೇಲೆ ಈ ಭಾಗಾಕಾರ ಎಲ್ಲಾ ಯಾಕೆ?

ಥ್ರಾಟಲ್‌ಐಡಲ್

ಅದು ಎರಡು ನಿಜವಾದ ಫ್ರೇಮ್ ಇಟ್ಟುಕೊಂಡು ನಡುವೆ ಒಂದನ್ನ ಊಹಿಸಿ ಬರೆಯುತ್ತೆ. ಅದಕ್ಕೆ ಎರಡನೇ ನಿಜ ಫ್ರೇಮ್ ಬರೋತನಕ ಮೊದಲನೇದನ್ನ ತಡೆದಿಟ್ಟುಕೊಳ್ಳಬೇಕು, ಹಾಗಾಗಿ ಸ್ಟಿಕ್ ಎಳೆದಿದ್ದು ಪರದೇಲಿ ಕಾಣೋದು ತಡವಾಗುತ್ತೆ. ಮೂಲ 30 ಇದ್ರೆ ಊಹೆಗೆ ಇರೋ ಅಂತರ 33 ಮಿಲಿಸೆಕೆಂಡ್, ಪ್ರೊಪೆಲ್ಲರ್ ಸುತ್ತ, ಕಿಟಕಿ ಕಂಬದ ಸುತ್ತ ಚಿತ್ರ ಅಲೆಯಾಡುತ್ತೆ. ಮೂಲ 45ರ ಮೇಲಿದ್ದಾಗ ಚೆನ್ನಾಗಿ ಕೂರುತ್ತೆ. ಮೇನ್‌ಥ್ರೆಡ್ 80 ಮಿಲಿಸೆಕೆಂಡ್ ನಿಂತುಬಿಟ್ರೆ ಆ ತಡೆ ಹಾಗೇ ಉಳಿಯುತ್ತೆ. ಎನ್‌ವಿಡಿಯಾದ್ದಕ್ಕೆ 40ರ ಸರಣಿ ಅಥವಾ ಹೊಸ ಆರ್‌ಟಿಎಕ್ಸ್ ಕಾರ್ಡ್, ಡಿಎಕ್ಸ್12, ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಮೂರೂ ಬೇಕು. ವಿ-ರ್ಯಾಮೂ ತಿನ್ನುತ್ತೆ. 8 ಜಿಬಿ ಕಾರ್ಡಿಗೆ ನಾನು ಹೇಳಲ್ಲ.

ಟ್ರಿಮ್‌ವ್ಹೀಲ್

ಅಂಕಿಯ ನೆರಳಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಡಿಎಲ್‌ಎಸ್‌ಎಸ್ ಹಿಂದಿನ ಫ್ರೇಮ್‌ಗಳನ್ನ ಹೊಸದರ ಜೊತೆ ಬೆರೆಸುತ್ತೆ. ಯಾವ ಪಿಕ್ಸೆಲ್ ಎಲ್ಲಿಗೆ ಸರಿಯಿತು ಅಂತ ಹೇಳೋಕೆ ಮೋಷನ್ ವೆಕ್ಟರ್ ಇರುತ್ತೆ. ಪಿಎಫ್‌ಡಿಯ ಗಾಜು ಸರಿದಿಲ್ಲ, ಅದರೊಳಗಿನ ಅಂಕಿ ಮಾತ್ರ ಬದಲಾಗಿದೆ. ವೆಕ್ಟರ್ ಪ್ರಕಾರ ಏನೂ ನಡೆದಿಲ್ಲ, ಹಾಗಾಗಿ ಹಳೇ 4 ಇನ್ನೂ ಅಲ್ಲೇ ಇದೆ ಅಂತ ಹೊಸ 5ರ ಮೇಲೆ ಬೆರೆಸಿಬಿಡುತ್ತೆ. ಎತ್ತರದ ಉರುಳು ಅಂಕಿಯಲ್ಲಿ ಇದು ಎದ್ದು ಕಾಣುತ್ತೆ. 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ 4ರ ಹೊಸ ಮಾಡೆಲಲ್ಲಿ ಇದು ಕಮ್ಮಿಯಾಗಿದೆ.

1440ರಲ್ಲಿ ಕ್ವಾಲಿಟಿ ಅಂದ್ರೆ ಒಳಗೆ ಬರೆಯೋದು 1707×960 ಮಾತ್ರ. ಸಣ್ಣ ಅಂಕಿಗೆ ಪಿಕ್ಸೆಲ್ಲೇ ಸಾಲಲ್ಲ. ನಿಮ್ಮಲ್ಲಿ ಜಿಪಿಯು 9 ಮಿಲಿಸೆಕೆಂಡ್ ಸುಮ್ನೆ ಕೂತಿದೆ. ಡಿಎಲ್‌ಎಸ್‌ಎಸ್ ಇಳಿಸೋದು ಜಿಪಿಯು ಹೊರೆಯನ್ನ, ಮೇನ್‌ಥ್ರೆಡ್ಡನ್ನ ಮುಟ್ಟಲ್ಲ. ಡಿಎಲ್‌ಎಸ್‌ಎಸ್ ಬದಲು ಟಿಎಎ (ಅಂಚು ನಯ ಮಾಡೋ ವಿಧಾನ), ರೆಂಡರ್ ಸ್ಕೇಲ್ 100 ಮಾಡಿ. ಅನಿಸೊಟ್ರೋಪಿಕ್ 16 ಇರಲಿ. 3 ಡಿಗ್ರಿ ಇಳಿಜಾರಿನಿಂದ ರನ್‌ವೇಯನ್ನ ಅಷ್ಟು ಓರೆಯಾಗಿ ನೋಡುವಾಗ ಸಂಖ್ಯೆ, ಗೆರೆ ಸ್ಪಷ್ಟ ಉಳಿಯೋದು ಇದರಿಂದಲೇ, ಖರ್ಚು ತೀರಾ ಕಮ್ಮಿ.

ಹಳೇಸಿಮ್ಮರ್

ವಿಷಯಾಂತರ, ಕ್ಷಮಿಸಿ. ಇವಕ್ಕೆಲ್ಲ ಕನ್ನಡದಲ್ಲಿ ಬೇರೆ ಬೇರೆ ಪದ ಬೇಕು. ಎಲ್ಲವನ್ನೂ ಲ್ಯಾಗ್ ಅಂದುಬಿಡ್ತಾರೆ, ಆಮೇಲೆ ಯಾವುದಕ್ಕೆ ಔಷಧಿ ಹೇಳೋದು?

ಗಾಳಿಗೋಪುರ

ಈ ಚರ್ಚೆಯಲ್ಲೇ ಹುಟ್ಟಿಕೊಂಡಿವೆ ನೋಡಿ. ತಾಳ ತಪ್ಪಿ ಸಮನಾಗಿ ಸಾಗದೇ ಇರೋದು ಕುಲುಕು. ಇದ್ದಕ್ಕಿದ್ದ ಹಾಗೆ ನಿಂತು ಮುಂದೆ ಹೋಗೋದು ತೊದಲು. ಪರದೆ ಅಡ್ಡಕ್ಕೆ ಸೀಳೋದು ಹರಿತ. ಸ್ಟಿಕ್ಕಿಗೂ ಚಿತ್ರಕ್ಕೂ ನಡುವಿನದು ತಡ.

ಹಳೇಸಿಮ್ಮರ್

ತೊದಲು ತುಂಬಾ ಚೆನ್ನಾಗಿದೆ. ಹರಿತ ಅಂದ್ರೆ ಚೂಪು ಅಂತಲೂ ಆಗುತ್ತಲ್ಲ, ಸೀಳು ಅನ್ನೋಣ.

ನೋಟಾಮ್

ಸೀಳು ಸರಿ. ವಾಪಸ್ ವಿಷಯಕ್ಕೆ: ಪರೀಕ್ಷೆ ಮಾಡುವಾಗ ಅದೇ ಏರ್‌ಪೋರ್ಟ್, ಅದೇ ಗೇಟ್, ಅದೇ ಗಂಟೆ, ಲೈವ್ ಹವಾಮಾನ ಬಿಟ್ಟು ಪ್ರಿಸೆಟ್ ಹವಾಮಾನ, ಟ್ರಾಫಿಕ್ ಆಫ್. ಲೋಡ್ ಆದ ಮೇಲೆ ಮೂರು ನಿಮಿಷ ಬಿಟ್ಟು 60 ಸೆಕೆಂಡ್ ಅಳೆಯಿರಿ. 40 ಎಫ್‌ಪಿಎಸ್‌ನಲ್ಲಿ ಅದು 2400 ಫ್ರೇಮ್, 1 ಪರ್ಸೆಂಟ್ ಲೋ ಅಂದ್ರೆ ಅದರಲ್ಲಿ ಅತಿ ಕೆಟ್ಟ 24. ಸರಾಸರಿ ಬಿಡಿ, ಆ 24 ನೋಡಿ. ಡ್ರೈವರ್ ಅಪ್‌ಡೇಟ್ ಮಾಡಿದ ದಿನ ಮಾತ್ರ ಯಾವ ತೀರ್ಮಾನಕ್ಕೂ ಬರಬೇಡಿ. ಶೇಡರ್ ಕ್ಯಾಶ್ (ಕಾರ್ಡಿಗೆ ಸಿದ್ಧ ಮಾಡಿಟ್ಟ ಗ್ರಾಫಿಕ್ಸ್ ಕೋಡ್) ಹೊಸದಾಗಿ ಕಟ್ಟಿಕೊಳ್ಳೋ ತನಕ ಎಲ್ಲಾ ಸೆಟ್ಟಿಂಗಲ್ಲೂ ತೊದಲುತ್ತೆ.

ಬಾಲರೆಕ್ಕೆ

ಒಂದೊಂದಾಗಿ ಮಾಡಿದೆ, ಅದೇ ಗೇಟಲ್ಲಿ. ಟೆರೇನ್ ಎಲ್‌ಒಡಿ 100ಕ್ಕೆ ಇಳಿಸಿದ್ದರಿಂದ ಮೇನ್‌ಥ್ರೆಡ್ 24ರಿಂದ 20. ಆಬ್ಜೆಕ್ಟ್ ಎಲ್‌ಒಡಿ ಒಂದು ಮಿಲಿಸೆಕೆಂಡೂ ಕೊಡಲಿಲ್ಲ. ಏರ್‌ಪೋರ್ಟ್ ವಾಹನ, ಕೆಲಸಗಾರರು ಇಳಿಸಿದ್ಮೇಲೆ 18. ಟೆಕ್ಸ್ಚರ್ ಹೈ ಮಾಡಿದ್ರಿಂದ ವಿ-ರ್ಯಾಮ್ 7.8ರಿಂದ 6.5 ಜಿಬಿ. ಟಿಎಎ 100ರಲ್ಲಿ ಜಿಪಿಯು 21ಕ್ಕೆ ಏರಿತು, 33ರ ಒಳಗೇ ಇದೆ. ಮಾನಿಟರ್ 59.95 ಅಂತಲೇ ಇತ್ತು. ವಿ-ಸಿಂಕ್ 50 ಪರ್ಸೆಂಟ್ ಒಂದೇ ಇಟ್ಟೆ, ಅರ್ಧ ನಿಮಿಷದ ಎಡವು ಹೋಯ್ತು. ಟರ್ಮಿನಲ್ ಅಂಚು ಗೆರೆ ಎಳೆದ ಹಾಗೆ ಸರಿಯುತ್ತೆ. ಅಂಕಿಯ ನೆರಳೂ ಇಲ್ಲ.

ಒಂದೇ ಉಳಿದಿರೋದು: ಎಡಕ್ಕೆ ತಟ್ಟನೆ ನೋಟ ತಿರುಗಿಸಿದ್ರೆ ನೆಲ ಒಂದು ಸೆಕೆಂಡ್ ಮಸುಕಾಗಿದ್ದು ಆಮೇಲೆ ಬಿಡಿಸಿಕೊಳ್ಳುತ್ತೆ.

ಥ್ರಾಟಲ್‌ಐಡಲ್

ಆಫ್ ಸ್ಕ್ರೀನ್ ಟೆರೇನ್ ಪ್ರೀ-ಕ್ಯಾಶಿಂಗ್ ಎಷ್ಟಿದೆ? ಲೋ ಇದ್ರೆ ಪರದೆಯಿಂದ ಆಚೆ ಇರೋ ನೆಲವನ್ನ ಇಟ್ಟುಕೊಂಡಿರಲ್ಲ, ತಿರುಗಿದ ಮೇಲೆ ತರೋಕೆ ಶುರು ಮಾಡುತ್ತೆ. ಅಲ್ಟ್ರಾ ಮಾಡಿ. ಮೇನ್‌ಥ್ರೆಡ್ ಸ್ವಲ್ಪ ಏರುತ್ತೆ, ನಿಮ್ಮ 18ಕ್ಕೆ ಜಾಗ ಇದೆ.

ಬಾಲರೆಕ್ಕೆ

ಲೋ ಇತ್ತು. ಅಲ್ಟ್ರಾ ಮಾಡಿದೆ, ಮೇನ್‌ಥ್ರೆಡ್ 20, ಮಸುಕು ಹೋಯ್ತು. ಈಗ ಮೋಡ ಅಲ್ಟ್ರಾದಲ್ಲೇ ಇಟ್ಟುಕೊಂಡು ಮಳೆಯಲ್ಲಿ ರಾತ್ರಿ ಅಪ್ರೋಚ್ ನೋಡ್ತೀನಿ, ಜಿಪಿಯು 30 ದಾಟಿದ್ರೆ ಇಲ್ಲೇ ಬರೀತೀನಿ.

ಟ್ರಿಮ್‌ವ್ಹೀಲ್

ದಾಟಿದ್ರೆ ಮೋಡ ಹೈ ಮಾಡಿ ಸಾಕು, ರೆಂಡರ್ ಸ್ಕೇಲ್ ಮುಟ್ಟಬೇಡಿ. ರನ್‌ವೇ ದೀಪಗಳು ಮಿಣುಮಿಣು ಅನ್ನೋಕೆ ಶುರುವಾಗೋದು ಅದನ್ನ ಇಳಿಸಿದಾಗಲೇ.